ಹಿತ್ತಲ ಗಿಡ ಮದ್ದಲ್ಲವೇ?

ಬೇಸಗೆ ರಜ ಮುಗಿದು ನಮ್ಮ ಶಾಲೆಗಳು ಬಾಗಿಲು ತೆರೆಯುವ ದಿನ ಒಂದು ಸಣ್ಣ ಹಬ್ಬವಿದ್ದಂತೆ. ಮೇ ತಿಂಗಳ ಕೊನೆಗೋ ಜೂನ್ ಮೊದಲಿಗೋ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ, ಮಕ್ಕಳ ಕೈಗೆ ಸಿಹಿ ಹಾಕುತ್ತಾರೆ, ಮೇಷ್ಟರು ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಾರೆ. ಶ್ರೀನಿವಾಸಪುರದ ಕಡೆ ಅದೇ ಹೊತ್ತಿಗೆ ಮಾವಿನ ಸುಗ್ಗಿ. ತೋರಣಕ್ಕೆ ಎಲೆ ಬೇಕಾದಷ್ಟು ಸಿಗುತ್ತದೆ, ತರಗತಿಗೆ ಹುಡುಗರು ಮಾತ್ರ ಪೂರ್ತಿ ಸಿಗುವುದಿಲ್ಲ. ಬಡವರ ಮಕ್ಕಳು ತೋಪುಗಳಲ್ಲಿ ಅಪ್ಪ ಅಮ್ಮಂದಿರ ಜೊತೆ ಕಾಯಿ ಆಯುತ್ತಿರುತ್ತಾರೆ.

ಹೀಗೆ ಅರ್ಧ ತುಂಬಿದ ತರಗತಿಯಲ್ಲಿ ಆರು, ಏಳು, ಎಂಟನೆಯ ಕ್ಲಾಸಿನ ಇತಿಹಾಸದ ಮೊದಲ ಪಾಠ ನಡೆಯುತ್ತದೆ. ಆ ಮೊದಲ ಪಾಠದ ವಿಚಾರವಾಗಿಯೇ ನಾನು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೂಲಿ, ಬೆಲೆ, ಬೋನಸ್ಸು, ಸಂತೆ ಸುಂಕ ಇವೆಲ್ಲವನ್ನೂ ಬಿಟ್ಟು ಇದೇನು ಶಾಲೆಯ ಮಾತು ತೆಗೆದನೆಂದು ಗಿರಣಿಯ ಗೆಳೆಯರೂ ಅಂಗಡಿಯ ಗೆಳೆಯರೂ ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಮಕ್ಕಳು ನಿಮ್ಮ ಬದುಕನ್ನು ಗೌರವದಿಂದ ಕಾಣುವರೋ ನಾಚಿಕೆಯಿಂದ ಕಾಣುವರೋ ಎಂಬುದು ಆ ಕೊಠಡಿಯಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ನನ್ನದೇ ತಪ್ಪು

ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾನು ಮೇಷ್ಟರಾಗಿದ್ದೆ. ಓದಿದ್ದು ಮೆಟ್ರಿಕ್ ಮಾತ್ರ. ಒಂದು ಹಳ್ಳಿಯ ಖಾಸಗಿ ಶಾಲೆಯವರು ಕಡಿಮೆ ಸಂಬಳಕ್ಕೆ ಒಪ್ಪುವವನು ಸಿಕ್ಕನೆಂದು ನನ್ನನ್ನು ಸೇರಿಸಿಕೊಂಡರು. ಇತಿಹಾಸ ನನ್ನ ಪಾಲಿಗೆ ಬಂತು.

ಮಿಡ್ಲ್ ಸ್ಕೂಲಿನ ಇತಿಹಾಸದ ಮೊದಲ ಪಾಠಗಳಲ್ಲಿ ‘ಆಧಾರಗಳು’ ಎಂಬ ವಿಷಯ ಬರುತ್ತದೆ. ಇತಿಹಾಸವನ್ನು ಯಾವುದರ ಮೇಲೆ ಬರೆಯುತ್ತಾರೆ? ಶಾಸನ, ನಾಣ್ಯ, ಕಟ್ಟಡ, ಬರೆಹ, ಬಾಯಿಮಾತು. ನಾನು ಇವನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಹುಡುಗರಿಂದ ಮೂರು ಸಲ ಒಟ್ಟಿಗೆ ಹೇಳಿಸಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ, ನೆನಪಿರಲಿ ಎಂದೆ. ವೀರಗಲ್ಲಿನ ಒಂದು ಮಸುಕು ಚಿತ್ರ ಪುಸ್ತಕದಲ್ಲಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಮನೆಮಾತು ತೆಲುಗು, ಕನ್ನಡ ತಡವರಿಸುತ್ತಿದ್ದ. “ಸಾರ್, ಇಂಥಾ ಕಲ್ಲು ನಮ್ಮೂರ ಕೆರೆ ಕಟ್ಟೆ ಮೇಲೆ ಐತೆ. ನಮ್ಮಮ್ಮ ಅದರ ಮೇಲೇ ಬಟ್ಟೆ ಒಗೆಯೋದು” ಎಂದ.

ತರಗತಿಯೆಲ್ಲಾ ನಕ್ಕಿತು. ನಾನೂ ನಕ್ಕೆ. “ಅದು ಸಿಲಬಸ್ಸಿನಲ್ಲಿಲ್ಲ, ಕೂತ್ಕೋ” ಎಂದೆ.

ಮುಂದಿನ ವರ್ಷ ಆ ಕೆರೆಯ ಮೇಲೆ ಹೋಗುವ ಕೆಲಸ ಬಿತ್ತು. ಕಲ್ಲು ಇರಲಿಲ್ಲ. ರಸ್ತೆಗೆ ಮೋರಿ ಕಟ್ಟುವಾಗ ಒಡೆದು ಹಾಕಿಕೊಂಡರೆಂದು ದನ ಕಾಯುವ ಮುದುಕ ಹೇಳಿದ. ಅದರ ಮೇಲೆ ಅಕ್ಷರವಿತ್ತೇ ಎಂದು ಕೇಳಿದೆ. “ಇತ್ತು ಸ್ವಾಮಿ, ಯಾರು ಓದ್ತಾರೆ?” ಎಂದ.

ಯಾರು ಓದುತ್ತಾರೆ! ಓದಿಸಬೇಕಾದವನು ನಾನಿದ್ದೆ. ಆಧಾರವೆಂದರೇನು ಎಂದು ಮೂರು ಸಲ ಕೂಗಿಸಿದವನು, ಆಧಾರವೇ ಬಂದು ಬೆಂಚಿನ ಮೇಲೆ ಎದ್ದು ನಿಂತಾಗ ಕೂತ್ಕೋ ಎಂದೆ. ಮೋರಿ ಕಟ್ಟಿದವನ ಮೇಲೆ ನಾನು ದೂರು ಹೇಳಲಾರೆ. ಅವನಿಗೆ ಅದು ಚಪ್ಪಡಿ. ಅದು ಚಪ್ಪಡಿಯಲ್ಲವೆಂದು ತಿಳಿಸುವುದು ಶಾಲೆಯ ಕೆಲಸವಾಗಿತ್ತು.

ಎಲ್ಲಿಂದ ಮೊದಲು ಮಾಡುವುದು?

ಇತಿಹಾಸವನ್ನು ಎಲ್ಲಿಂದ ಮೊದಲು ಮಾಡಬೇಕೆಂಬುದು ನಮ್ಮೊಬ್ಬರ ತೊಂದರೆಯಲ್ಲ. ಸಾಹುಕಾರ ದೇಶವಾದ ಅಮೆರಿಕದಲ್ಲಿಯೂ ಇದೇ ಜಗಳ. ಅಲ್ಲಿ ಆರು, ಏಳು, ಎಂಟನೆಯ ತರಗತಿಗಳನ್ನು ಮಿಡ್ಲ್ ಸ್ಕೂಲ್ ಎನ್ನುತ್ತಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಶಾಲಾವರ್ಷ ತೊಡಗುತ್ತದೆ. ಮೊದಲ ದಿನ ಮೇಷ್ಟರು ದೇಶದ ಕಥೆಯನ್ನು ಯಾವ ಇಸವಿಯಿಂದ ಎತ್ತಿಕೊಳ್ಳಬೇಕು? ಕೊಲಂಬಸನು ಬಂದ 1492ರಿಂದಲೇ? ಹಾಗಾದರೆ ಅವನಿಗಿಂತ ಸಾವಿರಾರು ವರ್ಷ ಮುಂಚಿನಿಂದ ಅಲ್ಲಿ ಬದುಕಿದ್ದ ಜನ ಲೆಕ್ಕಕ್ಕಿಲ್ಲವೇ? ಸ್ವಾತಂತ್ರ್ಯ ಸಾರಿದ 1776ರಿಂದಲೇ? ಹಾಗಾದರೆ 1619ರಲ್ಲಿ ವರ್ಜೀನಿಯಾದ ದಡದಲ್ಲಿ ಇಳಿಸಿ ಮಾರಿದ ಆಫ್ರಿಕದ ಜನರ ಮಾತೇನು? 2019ರಲ್ಲಿ ಅಲ್ಲಿಯ ಒಂದು ದೊಡ್ಡ ಪತ್ರಿಕೆ 1619ರಿಂದ ಲೆಕ್ಕ ಹಾಕಿ ನೋಡೋಣವೆಂದು ಲೇಖನಮಾಲೆ ಹೊರಡಿಸಿತು. 2020ರಲ್ಲಿ ಅಧ್ಯಕ್ಷ ಟ್ರಂಪರು 1776ರ ಹೆಸರಿನಲ್ಲಿಯೇ ಒಂದು ಆಯೋಗ ನೇಮಿಸಿದರು. ಒಂದು ಇಸವಿಗಾಗಿ ಇಡೀ ದೇಶ ಕಚ್ಚಾಡಿತು. ಏಕೆಂದರೆ ಯಾವ ಇಸವಿಯಿಂದ ಮೊದಲು ಮಾಡುತ್ತೀರೋ ಅದರ ಮೇಲೆ ದೇಶ ಯಾರದ್ದೆಂಬ ಉತ್ತರ ನಿಲ್ಲುತ್ತದೆ.

ಕೆಲಸಗಾರರು ತಿಳಿಯಬೇಕಾದ ಇನ್ನೊಂದು ಸಂಗತಿ. ಮೇ ದಿನ ಹುಟ್ಟಿದ್ದು ಆ ದೇಶದಲ್ಲೇ, 1886ರಲ್ಲಿ, ಎಂಟು ಗಂಟೆಯ ದುಡಿಮೆಗಾಗಿ ಚಿಕಾಗೋ ಮುಂತಾದ ಊರುಗಳಲ್ಲಿ ನಡೆದ ಮುಷ್ಕರದಿಂದ. ಪ್ರಪಂಚದ ಕಾರ್ಮಿಕರು ಮೇ 1ರಂದು ಆ ದಿನವನ್ನು ನೆನೆಯುತ್ತಾರೆ. ಅಮೆರಿಕದ ಸರ್ಕಾರವಾದರೋ 1894ರಲ್ಲಿ ಕಾರ್ಮಿಕರ ರಜವನ್ನು ಸೆಪ್ಟೆಂಬರಿನ ಮೊದಲ ಸೋಮವಾರಕ್ಕೆ ಇಟ್ಟಿತು. ಅಲ್ಲಿಯ ಮಕ್ಕಳಿಗೆ ಅದು ಶಾಲೆ ಶುರುವಾಗುವ ಹೊತ್ತಿನ ಒಂದು ರಜ. ಅದರ ಹಿಂದಿನ ಕಥೆಯನ್ನು ಮೇಷ್ಟರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ರಜ ಉಳಿದು ಕಾರಣ ಮರೆತುಹೋಗುವುದು ಹೀಗೆ.

ಇನ್ನು ನಮ್ಮ ಮನೆಯ ಮಾತು. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ಪರಿಷ್ಕರಿಸಿದ ಪಠ್ಯಪುಸ್ತಕಗಳು ಬಂದಾಗ ನಾಡಿನಲ್ಲಿ ಎಷ್ಟು ಗದ್ದಲವಾಯಿತೆಂದು ಎಲ್ಲರಿಗೂ ಗೊತ್ತು. ತಮ್ಮ ಬರೆಹ ಪಾಠವಾಗುವುದು ಬೇಡವೆಂದು ದೇವನೂರ ಮಹಾದೇವರಂಥ ಸಾಹಿತಿಗಳು ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. 2023ರಲ್ಲಿ ಸರ್ಕಾರ ಬದಲಾಯಿತು, ಜೂನ್ ತಿಂಗಳಲ್ಲಿ ಮಂತ್ರಿಮಂಡಲ ಕೆಲವು ಪಾಠ ತೆಗೆದು ಕೆಲವು ಸೇರಿಸಲು ತೀರ್ಮಾನಿಸಿತು. ಇದರಲ್ಲಿ ನಮಗೆ ಅಭಿಪ್ರಾಯವಿಲ್ಲವೆಂದಲ್ಲ, ಇದೆ. ಆದರೆ ಒಂದು ಮಾತು ಗಮನಿಸಿ. ಹುಡುಗನಿಗೆ ಪುಸ್ತಕದಲ್ಲಿದ್ದುದೇ ಇತಿಹಾಸವೆಂದು ನಾವು ಕಲಿಸಿದ್ದರೆ, ಪುಸ್ತಕ ಬರೆಯುವವನ ಕೈಗೆ ಅವನ ತಲೆಯನ್ನೇ ಕೊಟ್ಟಂತೆ. ಇಂದು ಒಬ್ಬ ಬರೆದಾನು, ನಾಳೆ ಒಬ್ಬ ಅಳಿಸಿಯಾನು. ಬರೆದದ್ದು ನಿಜವೇ ಎಂದು ಕೇಳುವುದನ್ನು ಕಲಿತ ಹುಡುಗನನ್ನು ಯಾವ ಸಮಿತಿಯೂ ಸುಲಭವಾಗಿ ಮೋಸಗೊಳಿಸಲಾರದು. ಆ ಕೇಳ್ಮೆಯನ್ನು ಕಲಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಕಾಲಿಗೆ ತೊಡರುವಷ್ಟಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಇತಿಹಾಸದಲ್ಲಿಯೂ ಸಾಧಿಸುತ್ತಿದ್ದೇವೆ, ಅಷ್ಟೆ.

ಕಾಲಿಗೆ ತೊಡರುವ ಇತಿಹಾಸ

ಕೋಲಾರವನ್ನೇ ತೆಗೆದುಕೊಳ್ಳಿ. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಗಂಗರು ರಾಜ್ಯ ಕಟ್ಟಿದಾಗ ಅವರ ಮೊದಲ ರಾಜಧಾನಿ ಇದು. ಆಗಿನ ಹೆಸರು ಕುವಲಾಲ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಆ ರಾಜರು ಕುವಲಾಲಪುರದ ಒಡೆಯರೆಂಬ ಬಿರುದನ್ನು ಬಿಡಲಿಲ್ಲ. ನಾವು ದಿನವೂ ಹಾದುಹೋಗುವ ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಅದೇ ಊರಿನಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿ ಇದೆ. ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ. ಮನೆಯಲ್ಲಿ ತಮಿಳಾಡುವ ಹುಡುಗಿ, ಉರ್ದು ಆಡುವ ಹುಡುಗ, ತೆಲುಗಿನ ಮಗು, ಕನ್ನಡದ ಮಗು ಒಂದೇ ಬೆಂಚಿನ ಮೇಲೆ ಕೂರುವ ಊರು ನಮ್ಮದು. ಇವರಲ್ಲಿ ಯಾರೂ ಹೊರಗಿನವರಲ್ಲವೆಂದು ಭಾಷಣ ಮಾಡುವುದಕ್ಕಿಂತ ಆ ಗುಡಿಯನ್ನೂ ಆ ಗೋರಿಯನ್ನೂ ಒಂದು ಬೆಳಿಗ್ಗೆ ತೋರಿಸಿಕೊಂಡು ಬರುವುದು ಮೇಲು.

ಮುಳಬಾಗಿಲಿನ ಹೆಸರೇ ಒಂದು ಪಾಠ. ಮೂಡಲ ಬಾಗಿಲು, ರಾಜ್ಯದ ಪೂರ್ವದಿಕ್ಕಿನ ಬಾಗಿಲು. ಬಾಗಿಲೆಂದ ಮೇಲೆ ಬರುವವರೂ ಹೋಗುವವರೂ ಇದ್ದೇ ಇರುತ್ತಾರೆ. ಸೈನ್ಯ ಬಂತು, ವ್ಯಾಪಾರಿಗಳು ಬಂದರು, ತಿರುಪತಿಯ ಯಾತ್ರಿಕರು ಹೋದರು. ಮೈಸೂರಿನ ಮೊದಲ ಯುದ್ಧದಲ್ಲಿ, 1768ರಲ್ಲಿ, ಹೈದರನ ಸೈನ್ಯಕ್ಕೂ ಇಂಗ್ಲಿಷರಿಗೂ ಇಲ್ಲಿ ಕಾಳಗ ನಡೆಯಿತು. ಹತ್ತಿರದ ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ. ತ್ರಿಭುವನಕರ್ತಾರನೆಂಬ ಶೈವ ಯತಿ ನಲವತ್ತು ವರ್ಷ ಆ ಸ್ಥಾನವನ್ನು ನಡೆಸಿ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಹತ್ತನೆಯ ಶತಮಾನದ ಒಂದು ಶಾಸನ ಹೇಳುತ್ತದೆ. ಇದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ, ಕಾಲೇಜಿನ ಮೆಟ್ಟಿಲು ಹತ್ತದೆ, ಪತ್ರಿಕೆ ನಡೆಸಿ ದೊಡ್ಡವರಾದವರು ಡಿ.ವಿ. ಗುಂಡಪ್ಪನವರು. ಪರೀಕ್ಷೆಯ ಅಂಕಕ್ಕೆ ಹೆದರುವ ಹುಡುಗರಿಗೆ ಈ ಸಂಗತಿ ತಿಳಿದಿರಲಿ.

ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂದು ಹೆಸರಿತ್ತು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿನಿಂದ ಅದನ್ನು ಶ್ರೀನಿವಾಸಪುರ ಮಾಡಿದರು. ಆರನೆಯ ತರಗತಿಯ ಹುಡುಗನಿಗೆ ಇದನ್ನು ಹೇಳಿ ನೋಡಿ. ಊರಿನ ಹೆಸರು ಬದಲಾಯಿಸುವ ಅಧಿಕಾರ ಯಾರಿಗಿತ್ತು, ಊರಿನವರನ್ನು ಕೇಳಿದರೇ, ಎಂದು ಅವನೇ ಪ್ರಶ್ನೆ ಹಾಕುತ್ತಾನೆ. ಆ ಪ್ರಶ್ನೆಯೇ ಇತಿಹಾಸದ ಬಾಗಿಲು. ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಇದೆ. ಅಲ್ಲಿಯವರಾದ ವೆಂಕಟೇಶ ಅಯ್ಯಂಗಾರ್ಯರಿಗೆ 1983ರ ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ ಎಂಬ ಇತಿಹಾಸದ ಕಾದಂಬರಿಗೆ. ಮಾಲೂರಿನ ಹೆಂಚು ಇಟ್ಟಿಗೆಯ ಗೂಡುಗಳು ಎಷ್ಟು ಊರುಗಳ ಮನೆ ಕಟ್ಟಿದವು! ಮನೆ ಕಟ್ಟಿಸಿದವನ ಹೆಸರು ಬಾಗಿಲ ಮೇಲಿದೆ. ಹೆಂಚು ಸುಟ್ಟವನ ಹೆಸರನ್ನು ಅವನ ಮಗನೇ ಬರೆದಿಡದಿದ್ದರೆ ಬೇರೆ ಯಾರು ಬರೆದಾರು?

ಕೆರೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಪಾಲಾರ್ ಇದೆ, ಆದರೆ ಮಳೆಯ ಮರ್ಜಿಯ ಮೇಲೆ. ಆದುದರಿಂದಲೇ ನಮ್ಮ ಹಿರಿಯರು ಹಳ್ಳಿಗೊಂದೆರಡು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಹೀಗೆ ಸರಪಣಿ. ಕೆರೆ ಕಟ್ಟಿಸಿದವನಿಗೆ, ನೋಡಿಕೊಂಡವನಿಗೆ ಕೊಟ್ಟ ಭೂಮಿಯನ್ನು ಶಾಸನಗಳು ಕಟ್ಟುಕೊಡಗೆ, ಬಿತ್ತುವಟ್ಟ ಎನ್ನುತ್ತವೆ. ಊರಿನ ದನ ಹೊಡೆದುಕೊಂಡು ಹೋದವರೊಡನೆ ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಅವನ ನೆನಪಿಗೆ ನಿಲ್ಲಿಸಿದ್ದೇ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ದೇವಕನ್ಯೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಮುಂದೆ ಅವನು ಕೂತಿರುವುದು. ಬಹುಪಾಲು ಇವರು ರಾಜರಲ್ಲ, ಹಳ್ಳಿಯವರು. ಅಂದರೆ ಸಾಮಾನ್ಯ ಮನುಷ್ಯನ ಹೆಸರನ್ನು ಕಲ್ಲಿನಲ್ಲಿ ಕೊರೆದಿಡುವ ಮರ್ಯಾದೆ ಸಾವಿರ ವರ್ಷದ ಹಿಂದೆ ನಮ್ಮ ಹಳ್ಳಿಗಳಿಗಿತ್ತು. ಅದನ್ನು ಒಡೆದು ಮೋರಿಗೆ ಹಾಕುವ ನಾವು ನಾಗರಿಕರು!

ಆದರೆ ಆ ಕಲ್ಲು ಹೇಳದ ಮಾತೂ ಉಂಟು. ಮಣ್ಣು ಹೊತ್ತವರ ಹೆಸರು ಅಲ್ಲಿಲ್ಲ. ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚಿದ ನೀರಗಂಟಿ, ಕೆರೆ ಒಡೆಯದಂತೆ ರಾತ್ರಿ ಕಾದ ತೋಟಿ ತಳವಾರ, ಇವರೆಲ್ಲಾ ಎಲ್ಲಿ? 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು. ತಾತಂದಿರ ದುಡಿಮೆಯಿಂದ ನಿಂತ ಕೆರೆಯ ಪಕ್ಕದಲ್ಲೇ ಓಡಾಡುವ ಆ ಮಕ್ಕಳಿಗೆ, ಇತಿಹಾಸವೆಂದರೆ ಬೇರೆ ಯಾರದ್ದೋ ಮನೆಯ ಕಥೆಯೆಂದು ತೋರಿದರೆ ಅದು ಯಾರ ತಪ್ಪು? ಕಲ್ಲಿನಲ್ಲಿ ಇದ್ದುದನ್ನು ಓದುವುದು ಅರ್ಧ ಪಾಠ. ಯಾರ ಹೆಸರು ಇಲ್ಲ, ಏಕಿಲ್ಲ ಎಂದು ಕೇಳುವುದು ಇನ್ನರ್ಧ.

ಕೆರೆಯ ಕಥೆ ಮುಗಿದದ್ದೂ ಅಲ್ಲ. 2018ರ ಜೂನ್‌ನಿಂದ ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ್ದ ಕೆರೆ ತುಂಬಿತೆಂದು ಸಂತೋಷಪಟ್ಟವರೂ ಉಂಟು, ಆ ನೀರು ಸಾಕಷ್ಟು ಶುದ್ಧವೇ ಎಂದು ಸಂದೇಹಪಟ್ಟವರೂ ಉಂಟು. ಮಕ್ಕಳು ಕಣ್ಣಾರೆ ಕಂಡದ್ದು ಇದು. ಬಿತ್ತುವಟ್ಟದಿಂದ ಕೆ.ಸಿ. ವ್ಯಾಲಿಯವರೆಗೆ ಒಂದೇ ಕೆರೆಯ ಮೇಲೆ ಕೂತು ಸಾವಿರ ವರ್ಷದ ಪಾಠ ಹೇಳಬಹುದು.

ಬಂಗಾರದ ಊರು

ಜಿಲ್ಲೆಯ ಇತಿಹಾಸವೆಂದ ಮೇಲೆ ಚಿನ್ನದ ಗಣಿಯನ್ನು ಬಿಡುವಂತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಅದರ ಮೇಲೆ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಇನ್ನೂ ಎಷ್ಟೋ ದಶಕ ಕತ್ತಲಲ್ಲಿದ್ದವು. ಪುಸ್ತಕದಲ್ಲಿ ಇದು ‘ಪ್ರಗತಿ’ ಎಂಬ ಒಂದು ಸಾಲು. ಪ್ರಗತಿ ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂದು ಕೇಳಿದರೆ ಅದೇ ಸಾಲು ಒಂದು ಪಾಠವಾಗುತ್ತದೆ.

ಆ ಸುರಂಗಕ್ಕೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಡಿನ ಕಡೆಯಿಂದ ಬಂದ ತಮಿಳು ದಲಿತರು. 1930ರಲ್ಲಿ ಬೆರಳಚ್ಚು ಕೊಟ್ಟು ದಾಖಲಾಗಬೇಕೆಂದು ಹುಕುಂ ಬಂದಾಗ, ನಾವೇನು ಕಳ್ಳರೇ ಎಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಮೂರು ವಾರ ಮುಷ್ಕರ ನಡೆಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಸತ್ತರು. ಮರುವರ್ಷವೇ, 1947ರ ಅಕ್ಟೋಬರಿನಲ್ಲಿ, ಇದೇ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಮ್ಮ ಹುಡುಗರಿಗೆ ಇಂದು ಕೆ.ಜಿ.ಎಫ್. ಎಂದರೆ ಸಿನಿಮಾ. ಆರು ಮಂದಿಯ ಸಾವನ್ನು ಸಿನಿಮಾ ಹೇಳಲಿಲ್ಲವೆಂದು ಸಿನಿಮಾದವರ ಮೇಲೆ ನನಗೆ ಕೋಪವಿಲ್ಲ. ಶಾಲೆಯೂ ಹೇಳಲಿಲ್ಲವೆಂಬುದು ನನ್ನ ಕೋಪ.

ಬರುವ ಆಕ್ಷೇಪಣೆಗಳು

ನಾನು ಈ ಮಾತನ್ನು ಮೇಷ್ಟರುಗಳ ಮುಂದೆ ಹೇಳಿದಾಗಲೆಲ್ಲಾ ಮೂರು ಆಕ್ಷೇಪಣೆ ಬರುತ್ತವೆ. ಮೂರರಲ್ಲಿಯೂ ಸತ್ಯವುಂಟು.

ಮೊದಲನೆಯದು, ಸಮಯವೆಲ್ಲಿ ಎಂಬುದು. ಗಣತಿ ಮೇಷ್ಟರದು, ಚುನಾವಣೆ ಮೇಷ್ಟರದು, ಬಿಸಿಯೂಟದ ಲೆಕ್ಕ ಮೇಷ್ಟರದು. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳೂ ಇವೆ. ಇದು ಸುಳ್ಳಲ್ಲ. ಆ ಹೊರೆ ಇಳಿಸೆಂದು ಸರ್ಕಾರವನ್ನು ಕೇಳುವುದು ನಮ್ಮೆಲ್ಲರ ಕೆಲಸ. ಆದರೆ ನಾನು ಕೇಳುತ್ತಿರುವುದು ವರ್ಷದಲ್ಲಿ ಒಂದು ವಾರ, ಮೊದಲ ವಾರ. ಹೇಗೂ ಆಗ ಮಾವಿನ ತೋಪಿನಿಂದಲೂ ಟೊಮೇಟೊ ಹೊಲದಿಂದಲೂ ಹುಡುಗರು ಪೂರ್ತಿ ಬಂದಿರುವುದಿಲ್ಲ. ಬಂದವರಿಗೆ ಪಾಠ ಹೇಳಿದರೆ ಬಾರದವರಿಗೆ ನಷ್ಟ. ಆ ವಾರವನ್ನು ಊರು ಓದುವುದಕ್ಕೆ ಕೊಡಿ.

ಎರಡನೆಯದು, ಅಜ್ಜಿಯ ಮಾತು ಇತಿಹಾಸವಾಗುತ್ತದೆಯೇ ಎಂಬುದು. ಆಗುವುದಿಲ್ಲ, ಹಾಗೆಂದು ಸರ್ಕಾರದ ಮಾತೂ ತಾನಾಗಿ ಆಗುವುದಿಲ್ಲ. ಹಿಂದೆ ನಮ್ಮ ಜಿಲ್ಲೆಯಲ್ಲಿದ್ದು 2007ರಿಂದ ಚಿಕ್ಕಬಳ್ಳಾಪುರಕ್ಕೆ ಸೇರಿದ ವಿದುರಾಶ್ವತ್ಥವನ್ನು ನೆನೆಯಿರಿ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನರ ಮೇಲೆ ಅಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು? ಅಂದಿನ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಅದರ ಎಷ್ಟೋ ಪಟ್ಟು. ಎಂಟನೆಯ ತರಗತಿಯ ಮಕ್ಕಳ ಮುಂದೆ ಎರಡನ್ನೂ ಇಡಿ. ಏಕೆ ಬೇರೆಯಾಯಿತು, ಯಾರಿಗೆ ಕಡಿಮೆ ಹೇಳುವ ಅಗತ್ಯವಿತ್ತು, ಯಾರಿಗೆ ಹೆಚ್ಚು ಹೇಳುವ ಅಗತ್ಯವಿತ್ತು, ನಿಜ ತಿಳಿಯುವುದು ಹೇಗೆ ಎಂದು ಕೇಳಿ. ‘ಆಧಾರಗಳು’ ಎಂಬ ಪಾಠ ಅಂದು ಅವರಿಗೆ ಅರ್ಥವಾಗುತ್ತದೆ, ಬೋರ್ಡಿನ ಮೇಲಿನ ಪಟ್ಟಿಯಿಂದಲ್ಲ.

ಮೂರನೆಯದೇ ನಿಜವಾದ ಭಯ. ಊರಿನ ಇತಿಹಾಸ ತೆಗೆದರೆ ಜಾತಿಯ ಜಂಬವೂ ಏಳುತ್ತದೆ. ಈ ವೀರಗಲ್ಲು ನಮ್ಮವನದು, ಆ ರಾಜ ನಮ್ಮವನು, ಆ ಗುಡಿ ನಮ್ಮದು ಎಂದು ಕಚ್ಚಾಡುವ ಜನ ನಮ್ಮಲ್ಲಿ ಕಡಿಮೆಯಿಲ್ಲ. ಅದಕ್ಕೆ ಮದ್ದು ಇತಿಹಾಸವನ್ನು ಮುಚ್ಚಿಡುವುದಲ್ಲ, ಪೂರ್ತಿ ತೆರೆಯುವುದು. ಕೆರೆ ಕಟ್ಟಿಸಿದವನ ಜೊತೆಗೆ ಮಣ್ಣು ಹೊತ್ತವನನ್ನೂ, ಗುಡಿ ಕಟ್ಟಿಸಿದವನ ಜೊತೆಗೆ ಗುಡಿಯೊಳಕ್ಕೆ ಬಿಡದೆ ಹೊರಗೆ ನಿಲ್ಲಿಸಿದವರನ್ನೂ ಹೇಳಿದರೆ ಜಂಬಕ್ಕೆ ಜಾಗ ಸಿಗುವುದಿಲ್ಲ. ಅರ್ಧ ಹೇಳುವವನೇ ಜಗಳ ಹಚ್ಚುವವನು.

ಮೊದಲ ವಾರ ಮಾಡಬಹುದಾದದ್ದು

ಮಾತು ಸಾಕು, ಕೆಲಸದ ವಿಚಾರ ಹೇಳುತ್ತೇನೆ. ಸೋಮವಾರ ಪುಸ್ತಕ ತೆರೆಯುವುದು ಬೇಡ. ನಿಮ್ಮ ಊರಿಗೆ ಈ ಹೆಸರು ಏಕೆ ಬಂತು, ಎಂದು ಕೇಳಿ ಮನೆಗೆ ಕಳಿಸಲಿ. ಮಂಗಳವಾರ ಮಕ್ಕಳು ತಂದ ಉತ್ತರಗಳನ್ನು ಬರೆದುಕೊಳ್ಳಲಿ. ಒಂದೇ ಊರಿಗೆ ಮೂರು ಕಥೆ ಬಂದರೆ ಬಹಳ ಒಳ್ಳೆಯದು. ಬುಧವಾರ ಹತ್ತಿರದ ಕೆರೆಗೋ ಕಲ್ಲಿಗೋ ನಡೆದುಹೋಗಿ ನೋಡಿ, ಅಳೆದು, ಚಿತ್ರ ಬರೆದುಕೊಂಡು ಬರಲಿ.

ಕಲ್ಲಿನ ಅಕ್ಷರ ಓದಲು ಬಾರದೆಂದು ಮೇಷ್ಟರು ಹೆದರಬೇಕಾಗಿಲ್ಲ. ಬಿ.ಎಲ್. ರೈಸ್ ಎಂಬವರು ಈ ಜಿಲ್ಲೆಯ ಶಾಸನಗಳನ್ನೆಲ್ಲಾ ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿಯೇ ಅಚ್ಚು ಹಾಕಿಸಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ಊರಿನ ಹೆಸರು ಹಿಡಿದು ನೋಡಬಹುದು. ಇಂದು ಅದು ಮೊಬೈಲಿನಲ್ಲೇ ಸಿಗುತ್ತದೆ. ರೀಲು ನೋಡುವ ಅದೇ ಮೊಬೈಲಿನಲ್ಲಿ.

ಗುರುವಾರ ನಿಮ್ಮ ಸರದಿ. ಗಿರಣಿಯ ಒಬ್ಬ ಹಳೆಯ ಕೆಲಸಗಾರ, ಪೇಟೆಯ ಒಬ್ಬ ಹಳೆಯ ವ್ಯಾಪಾರಿ ತರಗತಿಗೆ ಬಂದು ಅರ್ಧ ಗಂಟೆ ಮಾತಾಡಲಿ. ಮೊದಲ ಕೂಲಿ ಎಷ್ಟಿತ್ತು, ರಾಗಿ ಸೇರಿಗೆ ಎಷ್ಟಿತ್ತು, ಯಾವ ಬರದಲ್ಲಿ ಊರು ಬಿಟ್ಟಿರಿ, ಯಾವ ಮುಷ್ಕರದಲ್ಲಿ ಏನು ಸಿಕ್ಕಿತು, ಏನು ಕಳೆಯಿತು. ಅಟ್ಟದ ಮೇಲೆ ಕಟ್ಟಿಟ್ಟ ಹಳೆಯ ಖಾತೆ ಪುಸ್ತಕವನ್ನು ಚಿಂದಿಯವನಿಗೆ ಹಾಕಬೇಡಿ. ಹಳೆಯ ಕೂಲಿ ಚೀಟಿ, ಸಂಘದ ರಸೀತಿ, ಮುಷ್ಕರದ ಕರಪತ್ರ ಇವನ್ನು ಒಲೆಗೆ ಹಾಕಬೇಡಿ. ಅವೂ ಆಧಾರಗಳೇ. ರಾಜನ ತಾಮ್ರಪಟಕ್ಕೆ ಎಷ್ಟು ಬೆಲೆಯೋ ನಿಮ್ಮ ಕೂಲಿ ಚೀಟಿಗೂ ಒಂದು ದಿನ ಅಷ್ಟೇ ಬೆಲೆ ಬಂದೀತು. ಇಂದು ನರಸಾಪುರ, ವೇಮಗಲ್, ಮಾಲೂರಿನ ಹೊಸ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರಿಗೂ ಇದೇ ಮಾತು. ಶುಕ್ರವಾರ ಪುಸ್ತಕ ತೆರೆಯಲಿ. ಗಂಗರ ಪಾಠ ಬಂದಾಗ, ಇವರು ನಮ್ಮ ಊರಿನವರಲ್ಲವೇ ಸಾರ್ ಎಂದು ಯಾರಾದರೂ ಎದ್ದು ನಿಂತರೆ ಆ ವಾರ ಸಾರ್ಥಕ.

ಇದಕ್ಕೆ ದುಡ್ಡು ಬೇಡ, ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ. ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ. ಅದರಲ್ಲಿ ಮಕ್ಕಳ ತಂದೆ ತಾಯಂದಿರೇ ಸದಸ್ಯರು. ಸುಣ್ಣ ಬಣ್ಣ, ಕಾಂಪೌಂಡು, ಧ್ವಜದ ದಿನದ ಮಿಠಾಯಿ ಇಷ್ಟಕ್ಕೇ ಆ ಸಭೆ ಮುಗಿಯಬೇಕಾಗಿಲ್ಲ. ಇತಿಹಾಸದ ಪಾಠ ಹೇಗೆ ಮೊದಲಾಗುತ್ತದೆಂದು ಅಲ್ಲಿ ಕೇಳುವ ಹಕ್ಕು ನಿಮಗಿದೆ. ಊರಿನಲ್ಲಿ ಎಷ್ಟು ಕಲ್ಲುಗಳಿವೆ, ಎಲ್ಲಿವೆ ಎಂದು ಒಂದು ಪಟ್ಟಿ ಮಾಡಿ ಪಂಚಾಯಿತಿಗೆ ಕೊಡಿ. ಪಟ್ಟಿಯಲ್ಲಿರುವ ಕಲ್ಲನ್ನು ಒಡೆಯಲು ಕಂಟ್ರಾಕ್ಟರು ಎರಡು ಸಲ ಯೋಚಿಸುತ್ತಾನೆ.

ಕೊನೆಯದಾಗಿ ಒಂದು ಮಾತು. ಆ ಹಿಂದಿನ ಬೆಂಚಿನ ಹುಡುಗ ಈಚೆಗೆ ಕೋಲಾರದ ಎ.ಪಿ.ಎಂ.ಸಿ.ಯ ಟೊಮೇಟೊ ಮಂಡಿಯಲ್ಲಿ ಸಿಕ್ಕಿದ. ಪೆಟ್ಟಿಗೆ ಹೊರುವ ಕೆಲಸ. ನನ್ನನ್ನು ಕಂಡು ತಲೆಯ ಮೇಲಿನ ಪೆಟ್ಟಿಗೆ ಇಳಿಸಿ ನಮಸ್ಕಾರ ಮಾಡಿದ, ಚಹ ಕುಡಿಸಿದ. ನನ್ನ ಮನಸ್ಸಿನಲ್ಲಿ ಇಷ್ಟು ವರ್ಷ ಕೂತಿದ್ದ ಮಾತನ್ನು ಕೇಳಿದೆ. “ನಿಮ್ಮೂರ ಕೆರೆ ಕಟ್ಟೆ ಮೇಲೆ ಒಂದು ಕಲ್ಲಿತ್ತಲ್ಲಪ್ಪಾ, ಜ್ಞಾಪಕವಿದೆಯೇ?”

ಸ್ವಲ್ಪ ಹೊತ್ತು ಯೋಚಿಸಿ, “ಯಾವ ಕಲ್ಲು ಸಾರ್?” ಎಂದ.

ಕಲ್ಲು ಮೋರಿಗೆ ಹೋಯಿತು. ಅದಕ್ಕಿಂತ ಮುಂಚೆಯೇ ಅವನ ತಲೆಯಿಂದ ನಾನು ಅದನ್ನು ತೆಗೆದುಹಾಕಿದ್ದೆ. ಈ ಸಲ ಶಾಲೆ ತೆರೆದಾಗ ನಿಮ್ಮ ಮಗ ಮಗಳು ಎದ್ದು ನಿಂತು ಅಂಥದೊಂದು ಕಲ್ಲಿನ ಮಾತು ಹೇಳಿದರೆ, ಕೂತ್ಕೋ ಎನ್ನದ ಒಬ್ಬ ಮೇಷ್ಟರು ಅಲ್ಲಿರುವಂತೆ ನೋಡಿಕೊಳ್ಳಿ. ಮೇಷ್ಟರೊಡನೆ ಜಗಳ ಬೇಡ. ಸಂತೆಯ ದಿನ ಒಂದರ್ಧ ಗಂಟೆ ಬಿಡುವು ಮಾಡಿಕೊಂಡು ಶಾಲೆಗೆ ಹೋಗಿ, ಗುರುವಾರ ನಾನು ಬರುತ್ತೇನೆ, ಮಕ್ಕಳಿಗೆ ನಮ್ಮ ಕಾಲದ ನಾಲ್ಕು ಮಾತು ಹೇಳುತ್ತೇನೆ ಎನ್ನಿ. ಅಷ್ಟು ಮಾಡಿದರೆ ಸಾಕು.